ಸ್ವಾಗತ ಭಾಷಣದಲ್ಲಿ ಆದ ಒಂದು ತಪ್ಪು

ಕಳೆದ ಭಾನುವಾರ ಸಂಜೆ ನಮ್ಮೂರ ಶಾಲೆಯಲ್ಲಿ ನನ್ನ ಮೊದಲ ಸಾಕ್ಷ್ಯಚಿತ್ರ ತೋರಿಸಿದೆವು. 42 ನಿಮಿಷದ್ದು. ಅಡಿಕೆ ಕೊಯ್ಯುವ ಕೊನೆಗೌಡರ ಬಗ್ಗೆ. ಹಾಸಿದ ಜಮಖಾನ ಸಾಲದೆ ಜನ ಕಿಟಕಿಯ ಹೊರಗೂ ನಿಂತಿದ್ದರು. ಮಧ್ಯೆ ಒಂದು ಸಲ ಕರೆಂಟು ಹೋಯಿತು. ಶಿರಸಿ ಸೀಮೆಯ ಹಳ್ಳಿ ಅಂದಮೇಲೆ ಅದೂ ಕಾರ್ಯಕ್ರಮದ ಭಾಗವೇ, ಬಿಡಿ.

ಸ್ವಾಗತ ಮಾಡಿದ ಮಾಸ್ತರು ನನ್ನನ್ನು ‘ಯಾರ ಹತ್ತಿರವೂ ಕಲಿಯದೆ ತಾನೇ ತಾನಾಗಿ ಬೆಳೆದ ಹುಡುಗಿ’ ಅಂದರು. ಪ್ರೀತಿಯಿಂದಲೇ ಅಂದಿದ್ದು. ಚಪ್ಪಾಳೆಯೂ ಬಿತ್ತು. ಆದರೆ ಎದುರಿನ ಮೂರು ಸಾಲಿನಲ್ಲಿ ನನಗೆ ಕಲಿಸಿದವರೇ ಏಳೆಂಟು ಜನ ಕೂತಿದ್ದರು. ಅವರೂ ಚಪ್ಪಾಳೆ ತಟ್ಟಿದರು! ಮೈಕು ನನ್ನ ಕೈಗೆ ಬಂದಾಗ ಗಂಟಲು ಕಟ್ಟಿತು. ಎರಡು ಮಾತಾಡಿ ಕೂತುಬಿಟ್ಟೆ. ಅವತ್ತು ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ ಕಲಿಸುವ ಶಾಲೆಯ ಮೆಟ್ಟಿಲು ಹತ್ತಿಲ್ಲ ಅನ್ನುವುದು ನಿಜ. ಬಿ.ಕಾಂ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದವಳು, 2015ರಲ್ಲಿ ಒಂದು ಹಳೆಯ ಕ್ಯಾನನ್ ಕ್ಯಾಮೆರಾ ಕೊಂಡೆ. ಅಣ್ಣನ ಗೆಳೆಯರೊಬ್ಬರು ಅಮೆರಿಕದಿಂದ ತಂದು, ಬಳಸಿ, ಬೇಸರ ಬಂದು ಮಾರಿದ್ದು. ಅದನ್ನು ಹಿಡಿದುಕೊಂಡು ಅತ್ತೆಯ ಮಗಳ ಮದುವೆಗೆ ಹೋದೆ. ಮನೆಗೆ ಬಂದು ನೋಡಿದರೆ ಮದುಮಗಳ ಮುಖದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತಿವೆ. ಇಡೀ ಮದುವೆ ಹಾಗೆಯೇ. ಕ್ಯಾಮೆರಾ ಕೆಟ್ಟಿದೆ, ದುಡ್ಡು ನೀರಿಗೆ ಹೋಯಿತು ಅಂತ ಅಳುತ್ತ ಕೂತಿದ್ದೆ.

ಪಕ್ಕದ ಮನೆಯ ಮಾವ ಲೈನ್‌ಮನ್ ಆಗಿ ನಿವೃತ್ತರಾದವರು. ಚಾ ಕುಡಿಯಲು ಬಂದಿದ್ದರು. ‘ಎಂತ ಆತೇ ಕೂಸೆ?’ ಅಂತ ಕೇಳಿ, ಲ್ಯಾಪ್‌ಟಾಪ್ ನೋಡಿದರು. ಕ್ಯಾಮೆರಾ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಕರೆಂಟಿನ ಬಗ್ಗೆ ಎಲ್ಲ ಗೊತ್ತು. ನಮ್ಮ ಕರೆಂಟು 50 ಸೈಕಲ್ಲಿನದು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಮೆರಿಕದಲ್ಲಿ 60 ಸೈಕಲ್ಲು, ನಿನ್ನ ಡಬ್ಬಿ ಇನ್ನೂ ಅಲ್ಲಿಯ ಲೆಕ್ಕದಲ್ಲೇ ಓಡುತ್ತಿರಬೇಕು ಅಂದರು. ಮೆನು ಹುಡುಕಿದೆ. ಹೌದು, ಎನ್‌ಟಿಎಸ್‌ಸಿ ಅಂತಿತ್ತು, ಅಮೆರಿಕದ ಲೆಕ್ಕ. ನಮ್ಮ ಕಡೆಯ ಲೆಕ್ಕವಾದ ಪಾಲ್‌ಗೆ ಬದಲಿಸಿ, ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟೆ. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಅಮ್ಮನನ್ನು ನಿಲ್ಲಿಸಿ ತೆಗೆದು ನೋಡಿದರೆ ಪಟ್ಟೆ ಮಾಯ. ಮಾವ ಚಾ ಮುಗಿಸಿ ಎದ್ದು ಹೋದರು. ಅಷ್ಟೇ ನನ್ನ ಮೊದಲ ಪಾಠ.

ಅತ್ತೆ ಮಗಳು ಇವತ್ತಿಗೂ ಅದನ್ನು ‘ನನ್ನ ಹುಲಿ ಪಟ್ಟೆ ಮದುವೆ’ ಅನ್ನುತ್ತಾಳೆ. ಕ್ಷಮಿಸು ಮಾರಾಯ್ತಿ.

ಆಮೇಲೆ ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿಕೊಂಡೆ. ಉಪನಯನ, ಗೃಹಪ್ರವೇಶ, ಸೊಸೈಟಿಯ ವಾರ್ಷಿಕ ಸಭೆ, ಜೇನು ಪೆಟ್ಟಿಗೆ ಮಾಡುವವರ ಜಾಹೀರಾತು, ಕಾಲೇಜು ಗ್ಯಾದರಿಂಗು. 2016ರಲ್ಲಿ ಜಿಯೋ ಬಂದ ಮೇಲೆ ಯೂಟ್ಯೂಬ್‌ನಲ್ಲಿ ಪಾಠ ನೋಡುವುದೂ ಸಲೀಸಾಯಿತು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್. ಅದರ ಉಚಿತ ಆವೃತ್ತಿಯಲ್ಲೇ ಇಂದಿಗೂ ಕೆಲಸ ಮಾಡುತ್ತೇನೆ. ಆ ಪಾಠ ಹಾಕಿದವರಿಗೂ ಒಂದು ನಮಸ್ಕಾರ ಸಲ್ಲಬೇಕು. ಆದರೆ ಅವರು ಯಾರೂ ಯಕ್ಷಗಾನ ನೋಡಿದವರಲ್ಲ.

ಯಕ್ಷಗಾನದ್ದು ಬೇರೆಯೇ ಕಥೆ. ಮೊದಲ ಸಲ ಇಡೀ ರಾತ್ರಿ ಆಟ ತೆಗೆದಾಗ ನನ್ನ ಕ್ಯಾಮೆರಾ ಯಾವಾಗಲೂ ಒಂದು ಹೆಜ್ಜೆ ಹಿಂದೆ. ವೇಷ ತಿರುಗಿದ ಮೇಲೆ ನಾನು ತಿರುಗುತ್ತಿದ್ದೆ. ಚಂಡೆಯ ಪೆಟ್ಟಿಗೆ ಧ್ವನಿ ಒಡೆದು ಹೋಗಿತ್ತು. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಮಿಂಚು ಬಿಳಿಯಾಗಿ ಉರಿದು, ಮುಖ ಯಾರದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ಎಡಿಟ್ ಮಾಡಿದ ಹತ್ತು ನಿಮಿಷವನ್ನು ಮದ್ದಳೆಯ ಭಟ್ಟರಿಗೆ ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ವಿಡಿಯೋ ನೋಡಲೇ ಇಲ್ಲ! ಕೊನೆಗೆ ಹೇಳಿದ್ದು ಇಷ್ಟು: ‘ನೀನು ಕಾಲು ನೋಡ್ತಾ ಇದ್ದೀಯ. ಕಾಲು ನಮ್ಮ ಹಿಂದೆ ಬರ್ತದೆ. ಮೊದಲು ಕಿವಿ ಇಡು. ತಾಳದ ಮುಕ್ತಾಯ ಬರುವುದು ಗೊತ್ತಾದರೆ ಅವ ಯಾವಾಗ ತಿರುಗ್ತಾನೆ ಅನ್ನೋದು ನಿನಗೆ ಮೊದಲೇ ಗೊತ್ತಾಗ್ತದೆ.’

ಮೂರು ತಿಂಗಳು ಅವರ ಮನೆಯ ಜಗಲಿಯಲ್ಲಿ ಕೂತು ತಾಳ ಹಾಕಿದೆ. ಏಕತಾಳ, ಝಂಪೆ, ಅಷ್ಟತಾಳ. ಫೀಸು ಅಂತ ಅವರು ತೆಗೆದುಕೊಂಡಿದ್ದು ಎಲೆಅಡಿಕೆ ಇಡುವ ಒಂದು ಕವಳದ ಸಂಚಿ. ಈಗ ಮದುವೆಯ ಹಾಡಿಗೆ ದೃಶ್ಯ ಕತ್ತರಿಸುವಾಗಲೂ ಬೆರಳು ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಎಲ್ಲಿ ಕಟ್ ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಆ ರಾತ್ರಿಗಳಲ್ಲಿ ಅಮ್ಮ ಜೊತೆಗೆ ಬರುತ್ತಿದ್ದಳು. ಹುಡುಗಿ ಒಬ್ಬಳೇ ನಡುರಾತ್ರಿ ಸ್ಕೂಟಿಯಲ್ಲಿ ಬರುವುದು ಹೇಗೆ, ಅಲ್ವಾ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು, ಬ್ಯಾಟರಿಗಳ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಅವಳಿಗೆ ಯಕ್ಷಗಾನ ಅಷ್ಟೇನೂ ಇಷ್ಟವಿಲ್ಲ. ಇದನ್ನು ಓದಿ ಬೈಯುತ್ತಾಳೆ.

ಲಗ್ನಪತ್ರಿಕೆ ಪ್ರೆಸ್ಸಿನ ಅಕ್ಕನಿಗೂ ಥ್ಯಾಂಕ್ಸ್ ಹೇಳಬೇಕು. ಆಗಿನ ನನ್ನ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರ ಉದುರಿ ಬೀಳುತ್ತಿತ್ತು. ‘ವಿಘ್ನೇಶ್ವರ’ ಅನ್ನುವ ಮದುಮಗನ ಹೆಸರು ತುಂಡು ತುಂಡಾಗಿ ತೆರೆಯ ಮೇಲೆ ಬಂತು. ಅವನ ಅಪ್ಪ ಅದನ್ನು ಅಪಶಕುನ ಅಂತಲೇ ತಿಳಿದರು. ಅಕ್ಕ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವುದನ್ನು ತೋರಿಸಿ, ಅಕ್ಷರವನ್ನು ಚಿತ್ರವಾಗಿ ಮಾಡಿ ವಿಡಿಯೋದ ಮೇಲೆ ಕೂರಿಸಲು ಹೇಳಿಕೊಟ್ಟಳು. ಪತ್ರಿಕೆ ಸೀಸನ್ನಿನಲ್ಲಿ, ತಲೆ ಎತ್ತಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ.

ಇನ್ನು ಹೇಳಲು ಕಷ್ಟವಾದದ್ದು ಒಂದಿದೆ. 2018ರಲ್ಲಿ ಒಂದು ಉಪನಯನದ ವಿಡಿಯೋ ಕಳೆದೆ. ಇದ್ದಿದ್ದು ಒಂದೇ ಹಾರ್ಡ್‌ಡಿಸ್ಕ್. ಮೇಜಿನಿಂದ ಬಿತ್ತು, ಟಿಕ್ ಟಿಕ್ ಅಂತ ಸದ್ದು ಮಾಡಿತು, ಮುಗಿಯಿತು. ಹುಬ್ಬಳ್ಳಿಗೆ ಒಯ್ದರೂ ಏನೂ ಸಿಗಲಿಲ್ಲ. ತಪ್ಪು ಪೂರ್ತಿ ನನ್ನದೇ. ಮೆಮೊರಿ ಕಾರ್ಡನ್ನು ಮರುದಿನದ ಕೆಲಸಕ್ಕೆ ಅಂತ ಅಳಿಸಿಬಿಟ್ಟಿದ್ದೆ. ಆ ಮನೆಯ ಅಜ್ಜಿ ಅವತ್ತು ಮಡಿ ಸೀರೆಯಲ್ಲಿ ಕೂತು ಒಂದು ಹಾಡು ಹೇಳಿದ್ದರು. ಮುಂದಿನ ಮಳೆಗಾಲ ಅವರು ಇರಲಿಲ್ಲ. ಅವರ ಮನೆಗೆ ಹೋಗಿ ವಿಷಯ ಹೇಳಿದ ದಿನ ಯಾರೂ ಬೈಯಲಿಲ್ಲ. ಊಟ ಮಾಡಿಕೊಂಡು ಹೋಗು ಅಂದರು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಎರಡು ವರ್ಷ ಬಿಟ್ಟು ಅದೇ ಮನೆಯವರು ಮಗಳ ನಿಶ್ಚಿತಾರ್ಥಕ್ಕೆ ನನ್ನನ್ನೇ ಕರೆದರು. ಅದಕ್ಕೆ ಹೇಗೆ ಧನ್ಯವಾದ ಹೇಳುವುದು ಅಂತ ಇನ್ನೂ ಗೊತ್ತಾಗಿಲ್ಲ.

ಅವತ್ತಿನಿಂದ ಪ್ರತಿಯೊಂದಕ್ಕೂ ಮೂರು ಪ್ರತಿ. ಎರಡು ನಮ್ಮನೆಯಲ್ಲಿ, ಇನ್ನೊಂದು ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ. ನನ್ನ ಈಗಿನ ಕ್ಯಾಮೆರಾದಲ್ಲಿ 4ಕೆ ತೆಗೆದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ನಮ್ಮೂರ ನೆಟ್‌ವರ್ಕ್‌ನಲ್ಲಿ ಅದನ್ನು ಕಳಿಸುವ ಮಾತೇ ಇಲ್ಲ. ಹಾರ್ಡ್‌ಡಿಸ್ಕು ಬಸ್ಸಿನಲ್ಲೇ ಹೋಗುತ್ತದೆ, ಉಪ್ಪಿನಕಾಯಿ ಬಾಟಲಿಯ ಜೊತೆಗೆ. ಅಕ್ಕ ಅದನ್ನು ಬಂಗಾರದ ಡಬ್ಬಿಯ ಪಕ್ಕದಲ್ಲಿ ಇಡುತ್ತಾಳೆ.

2020ರ ಮಾರ್ಚ್ ಮೊದಲಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ. ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ಬಳೆ ಅಂಗಡಿಯವರ ಜೊತೆ ಕೂತು ಒಂದು ಚಿಕ್ಕ ವಿಡಿಯೋ ಮಾಡಿದ್ದೆ. ತಿಂಗಳು ಮುಗಿಯುವುದರೊಳಗೆ ಲಾಕ್‌ಡೌನ್. ಮದುವೆಗಳೆಲ್ಲ ನಿಂತವು. ಕ್ಯಾಮೆರಾ ಮಾರಿಬಿಡೋಣ ಅಂತ ಹೊರಟಿದ್ದೆ. ಆಗ ನಮ್ಮ ಶಾಲೆಯ ಟೀಚರ್ ಫೋನ್ ಮಾಡಿ, ವಿದ್ಯಾಗಮಕ್ಕೆ, ಅಂದರೆ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ಸರ್ಕಾರದ ಯೋಜನೆಗೆ, ಗಣಿತದ ಪಾಠ ತೆಗೆದುಕೊಡ್ತೀಯಾ ಅಂದರು. ನೆಟ್ ಬೇಕಾದರೆ ಮಕ್ಕಳು ಗುಡ್ಡ ಹತ್ತಬೇಕಿತ್ತು, ಅದಕ್ಕೆ ಪಾಠಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಮನೆಗೆ ಹಂಚಿದೆವು. ಟೀಚರ್ ಹುಣಸೆ ಬೀಜ ಇಟ್ಟು ಭಾಗಾಕಾರ ಹೇಳಿಕೊಟ್ಟರು. ದುಡ್ಡು ಜಾಸ್ತಿ ಏನೂ ಸಿಗಲಿಲ್ಲ. ಕ್ಯಾಮೆರಾ ಮಾತ್ರ ಉಳಿಯಿತು. ಭಾನುವಾರ ಸ್ವಾಗತ ಮಾಡಿದ ಮಾಸ್ತರೇ, ಆ ಟೀಚರ್ ನಿಮ್ಮ ಪಕ್ಕದಲ್ಲೇ ನಿಂತಿದ್ದರಲ್ಲ!

ಕೊನೆಗೌಡರ ಚಿತ್ರಕ್ಕೆ ಮೂರು ಕೊಯ್ಲು ಹಿಡಿಯಿತು. ಮೊದಲ ವರ್ಷ ತೆಗೆದಿದ್ದೆಲ್ಲ ದಂಡ. ಕೆಳಗೆ ನಿಂತು ಮೇಲಕ್ಕೆ ಕ್ಯಾಮೆರಾ ಹಿಡಿದರೆ ಹಿಂದೆ ಬಿಳಿ ಆಕಾಶ, ಮರದ ಮೇಲಿನ ಮನುಷ್ಯ ಬರೀ ಕಪ್ಪು ನೆರಳು. ಡ್ರೋನ್ ಬಾಡಿಗೆಗೆ ತರೋಣ ಅಂದುಕೊಂಡಿದ್ದೆ. ಕೆಳಗೆ ಕೂತು ಬೀಡಿ ಹಚ್ಚುತ್ತಿದ್ದ ಕೊನೆಗೌಡರು ಹೇಳಿದರು, ‘ತಂಗೀ, ತೋಟ ಇರೋದು ಕೊಳ್ಳದಲ್ಲಿ. ಆ ಧರೆ ಮೇಲೆ ಹತ್ತಿ ಬೆಟ್ಟದ ಅಂಚಿಗೆ ನಿಲ್ಲು. ನಾನು ಮರದ ತಲೆಗೆ ಬಂದಾಗ ನಿನ್ನ ಎದುರೇ ಇರ್ತೆ.’

ಹುಟ್ಟಿದಾಗಿನಿಂದ ಆ ತೋಟ ನೋಡಿದ್ದೇನೆ. ಹೊಳೆದಿರಲಿಲ್ಲ.

ಸೊಪ್ಪಿನಬೆಟ್ಟದ ಅಂಚಿನಲ್ಲಿ ಟ್ರೈಪಾಡ್ ಇಟ್ಟೆ. ಹಿಂದೆ ಹಸಿರು ಕತ್ತಲೆ, ಎದುರಿಗೆ ಬೆಳಗಿನ ಬಿಸಿಲು, ನನ್ನ ಕಣ್ಣಿನ ಮಟ್ಟಕ್ಕೇ ಅವರ ಮುಖ. ಒಂದು ಮರವನ್ನು ತೂಗಿ ತೂಗಿ ಇನ್ನೊಂದು ಮರವನ್ನು ಹಿಡಿದು ದಾಟಿದರು. ದಾಟುವ ಹೊತ್ತಿಗೆ ಅವರು ತುಟಿ ಕಚ್ಚುತ್ತಾರೆ ಅನ್ನುವುದು ಅವತ್ತೇ ನನಗೆ ಗೊತ್ತಾಗಿದ್ದು. ಚಿತ್ರದ ಪೋಸ್ಟರ್ ಅದೇ.

ಭಾನುವಾರ ಎಲ್ಲ ಮುಗಿದು ಜನ ಚಾ ಕುಡಿಯುವಾಗ ಅವರು ನನ್ನ ಹತ್ತಿರ ಬಂದರು. ಹೊಗಳಬಹುದು ಅಂತ ನಾನೂ ಸ್ವಲ್ಪ ಕಾದೆ. ‘ಚಲೋ ಆಗದೆ. ಆದರೆ ತಂಗೀ, ನಾ ಹೊರಟಿದ್ದು ನಿಮ್ಮನೆ ತೋಟದ ಮರದಿಂದ, ಹೋಗಿ ಹಿಡಿದಿದ್ದು ಕೆಳಗಿನ ಮನೆ ತೋಟದ ಮರ. ನಡುವೆ ಒಂದು ಹಳ್ಳ ಅದೆ’ ಅಂದರು. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹೌದು, ಎರಡು ಬೇರೆ ದಿನದ ಶಾಟ್‌ಗಳನ್ನು ಸೇರಿಸಿದ್ದೆ. ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

ಈ ಸಲದ ಕೊಯ್ಲಿಗೆ ಆ ಒಂದು ಶಾಟ್ ಮತ್ತೆ ತೆಗೆಯಬೇಕು. ಬೆಳಗ್ಗೆ ಏಳಕ್ಕೆ ಧರೆಯ ಮೇಲೆ ಇರು ಅಂತ ಅವರೇ ಹೇಳಿದ್ದಾರೆ.