ಗಮಕಕ್ಕೆ ದಾರಿ ಮಾಡಿಕೊಟ್ಟವರಿಗೆ

ನಮ್ಮ ಬಳಗದ ಆರು ರಚನೆಗಳು ಕೊನೆಗೂ ಮುಗಿದಿವೆ. ಒಂದು ಲ್ಯಾಪ್‌ಟಾಪ್, ಎರಡು ಸ್ಥಾಯಿಯ ಪುಟ್ಟ ಮಿಡಿ (MIDI, ವಾದ್ಯ ಮತ್ತು ಕಂಪ್ಯೂಟರ್ ಸ್ವರದ ಸೂಚನೆ ಹಂಚಿಕೊಳ್ಳುವ ಭಾಷೆ) ಕೀಬೋರ್ಡ್, ಒಂದು ಹೆಡ್‌ಫೋನ್, ಇಷ್ಟರಲ್ಲೇ ಆದದ್ದು. ಹಾಡಿಕೆ, ಕೊಳಲು ಕಲಿತವರು ಹವ್ಯಾಸಕ್ಕೆಂದು ಎಲೆಕ್ಟ್ರಾನಿಕ್ ಸಂಗೀತಕ್ಕೆ ಇಳಿಯಲು ಯಾರು ಯಾರು ಕಾರಣರೋ ಅವರಿಗೆಲ್ಲ ಇಲ್ಲಿ ಕೈಮುಗಿಯುತ್ತಿದ್ದೇವೆ.

ಮೊದಲು, ಮಿಡಿಗೆ ಕಾರಣರಾದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ. 1983ರಲ್ಲಿ ಬಂದ ಮಿಡಿಯಲ್ಲಿ ಪಿಚ್‌ಬೆಂಡ್‌ಗೆ, ಅಂದರೆ ಸ್ವರವನ್ನು ಮೇಲಕ್ಕೆ ಕೆಳಕ್ಕೆ ಬಾಗಿಸುವುದಕ್ಕೆ, 16,384 ಮೆಟ್ಟಿಲುಗಳಿವೆ. ಕಂಪ್ಯೂಟರ್‌ನಲ್ಲಿ ಗಮಕ, ಅಂದರೆ ಸ್ವರದ ತೂಗು ಮತ್ತು ಜಾರು, ನಿಂತಿರುವುದೇ ಅವುಗಳ ಮೇಲೆ. ಸಾಮಾನ್ಯವಾಗಿ ಸಿಂಥ್‌ನಲ್ಲಿ (ಧ್ವನಿಯನ್ನು ವಿದ್ಯುನ್ಮಾನವಾಗಿ ಹುಟ್ಟಿಸುವ ವಾದ್ಯ ಅಥವಾ ತಂತ್ರಾಂಶ) ಬೆಂಡ್ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸೆಮಿಟೋನ್ (ಪಕ್ಕಪಕ್ಕದ ಕೀಲಿಗಳ ಅಂತರ) ಮಾತ್ರ. ಒಂದು ಸ್ವರದಿಂದ ಇನ್ನೊಂದಕ್ಕೆ ಹರಿಯುವ ಜಾರುವಿಗೆ ಅದು ಸಾಲದು, 12ಕ್ಕೆ ಏರಿಸಿ. ಬೆಂಡ್ ಬರೆಯುವಾಗ 12 ಎಂದುಕೊಂಡು ಸಿಂಥ್‌ನಲ್ಲಿ 2 ಎಂದೇ ಬಿಟ್ಟರೆ ಷಡ್ಜದಿಂದ ಮಧ್ಯಮಕ್ಕೆ ಹೋಗಬೇಕಾದ ಜಾರು ಶುದ್ಧ ರಿಷಭವನ್ನೂ ಮುಟ್ಟುವುದಿಲ್ಲ. ಇನ್ನೊಂದು ಮಾತು: ಬೆಂಡ್ ಇಡೀ ಚಾನಲ್‌ಗೆ, ಅಂದರೆ ಒಂದೇ ಮಿಡಿ ಸಾಲಿನಲ್ಲಿರುವ ಎಲ್ಲ ಸ್ವರಗಳಿಗೂ, ಅನ್ವಯಿಸುತ್ತದೆ. ಹಿನ್ನೆಲೆಯಲ್ಲಿ ನಿರಂತರ ನಿಲ್ಲುವ ಶ್ರುತಿಯೂ ಅದೇ ಚಾನಲ್‌ನಲ್ಲಿದ್ದರೆ ಗಮಕದ ಜೊತೆ ಶ್ರುತಿಯೂ ತೂಗಾಡುತ್ತದೆ. ಅದಕ್ಕೆ ಬೇರೆ ಚಾನಲ್ ಕೊಡಲೇಬೇಕು.

ಅತಿ ದೊಡ್ಡ ಋಣ ಇರುವುದು ಸ್ವರಗಳ ಶ್ರುತಿ ಕೂಡಿಸುವ ವಿಷಯದಲ್ಲಿ. ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ (ಸೆಮಿಟೋನ್‌ನ ನೂರನೆಯ ಒಂದು ಭಾಗ) ಮೇಲಿದೆ, ಕೀಬೋರ್ಡಿನದು 400. ಆ 14 ಸೆಂಟ್ ವ್ಯತ್ಯಾಸವೇ ನಿಲುಗಡೆಯ ಸ್ವರದಲ್ಲಿ ಕಿವಿಗೆ ಕಿರಿಕಿರಿಯಾಗುವ ಅಲೆ. ಸ್ಕಾಲಾ ಎಂಬ ಶ್ರುತಿ ಕಡತದ ಮಾದರಿ ರೂಪಿಸಿದ ಮ್ಯಾನ್ಯುಯೆಲ್ ಆಪ್ ಡೆ ಕೌಲ್ ಅವರಿಗೂ, ಆ ಕಡತಗಳನ್ನು ಓದುವ, ಮೊದಲು ಮಾರುತ್ತಿದ್ದ ಸರ್ಜ್ ಸಿಂಥ್‌ನ ಮೂಲಸಂಕೇತವನ್ನು 2018ರಲ್ಲಿ ಎಲ್ಲರಿಗೂ ತೆರೆದಿಟ್ಟ ಕ್ಲಾಸ್ ಯೋಹಾನ್ಸನ್ ಅವರಿಗೂ, ಅದನ್ನು ಇಂದಿಗೂ ಬೆಳೆಸುತ್ತಿರುವ ಸ್ವಯಂಸೇವಕರಿಗೂ ಹೃದಯಪೂರ್ವಕ ವಂದನೆ. ಸ್ಕಾಲಾ ಕಡತ ಬರೀ ಪಠ್ಯ: ಒಂದು ಸಾಲು ವಿವರಣೆ, ಮುಂದಿನ ಸಾಲಿನಲ್ಲಿ ಸ್ವರಗಳ ಸಂಖ್ಯೆ 12, ಆಮೇಲೆ ಸಾಲಿಗೊಂದು ಅನುಪಾತ, ಕೊನೆಗೆ 2/1. ಅಂತರ ಗಾಂಧಾರಕ್ಕೆ 5/4. ಷಡ್ಜದ 1/1 ಬರೆಯಬಾರದು, ಬರೆದರೆ ಸ್ವರಗಳೆಲ್ಲ ಒಂದೊಂದು ಕೀಲಿ ಪಕ್ಕಕ್ಕೆ ಸರಿಯುತ್ತವೆ. ಷಡ್ಜ ಸಿ ಕೀಲಿಯಲ್ಲಿ ಇಲ್ಲದಿದ್ದರೆ ಕೀಲಿ ಹೊಂದಿಕೆಯ ಕಡತವನ್ನೂ ಹಾಕಬೇಕು.

ದೂರದಿಂದ ಕೊಳಲು ನುಡಿಸಿ ಕಳಿಸಿದ ಗೆಳೆಯರಿಗೆ ವಿಶೇಷ ಕೃತಜ್ಞತೆ, ಪ್ರತಿ ಕಡತದ ಹೆಸರಲ್ಲೇ ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗಿದೆ ಎಂಬ ಸಂಖ್ಯೆ) ಬರೆದದ್ದಕ್ಕೆ. 44,100ರಲ್ಲಿ ಧ್ವನಿಮುದ್ರಿಸಿದ್ದನ್ನು ಪರಿವರ್ತಿಸದೆ 48,000ದಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ, ಲಯ 100 ಇದ್ದದ್ದು 109ರ ಹತ್ತಿರ ಓಡುತ್ತದೆ. ತಬ್ಬಿಬ್ಬಾದವರು ಕೊಳಲನ್ನೇ ದೂರುವುದುಂಟು.

ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಂಸ್ಕರಿಸುವ ಸ್ಯಾಂಪಲ್‌ಗಳ ಸಂಖ್ಯೆ) 128, ಮಿಶ್ರಣ ಮಾಡುವಾಗ 1,024 ಎಂದು ಹೇಳಿಕೊಟ್ಟವರಿಗೂ ನಮಸ್ಕಾರ. 48,000ದಲ್ಲಿ ಮೊದಲನೆಯದರ ತಡ 2.7 ಮಿಲಿಸೆಕೆಂಡ್, ಎರಡನೆಯದರದು 21. ಅಷ್ಟು ತಡವಾದರೆ ಬೆರಳು ತಾಳ ಬಿಡುತ್ತದೆ.

ಕೊನೆಯದಾಗಿ, ಕರಡು ಕೇಳಿ "ಚೆನ್ನಾಗಿದೆ" ಎಂದಷ್ಟೇ ಹೇಳದೆ, ಯಾವ ನಿಮಿಷ ಯಾವ ಸೆಕೆಂಡಿನಲ್ಲಿ ಬಾಸ್ (ತಗ್ಗಿನ ಧ್ವನಿ) ಮಾಯವಾಗುತ್ತದೆ ಎಂದು ಬರೆದು ಕಳಿಸಿದ ನಿಮಗೆ. 60 ಹರ್ಟ್ಸ್‌ನ ಬಾಸ್ ಫೋನಿನ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ. ವಾಲ್ಯೂಮ್ ಏರಿಸದೆ ತುಸು ಸ್ಯಾಚುರೇಶನ್ (ಧ್ವನಿಯನ್ನು ಕೊಂಚ ಒರಟಾಗಿಸುವ ಪರಿಣಾಮ) ಹಾಕಿದರೆ 120, 180ರಲ್ಲಿ ಉಪಸ್ವರಗಳು ಹುಟ್ಟಿ, ಅದಕ್ಕೂ ಮೇಲಿನವು ಫೋನಿನಲ್ಲೂ ಕೇಳುತ್ತವೆ. ಮೂರನೆಯ ರಚನೆಯ ಬಾಸ್ ಈಗ ಹಾಗೆಯೇ ಇದೆ. ಇನ್ನೊಮ್ಮೆ ಫೋನಿನಲ್ಲೇ ಕೇಳಿ ನೋಡಿ.