ಬಣ್ಣ ಸುರಿದು ಮಾಡಿದ ಜೋಗ

ಟೋಕಿಯೋ

ಪ್ರೀತಿಯ ಅವ್ವನಿಗೆ,

ಅಪ್ಪನ ಮೊಣಕಾಲು ಹೇಗಿದೆ? ಸುಮ್ನೆ ಕೂತಿರಿ ಅಂದರೆ ಕೇಳುವವರಲ್ಲ, ಗೊತ್ತು. ಮಳೆ ಬಿಡುವವರೆಗಾದರೂ ತೋಟಕ್ಕೆ ಇಳಿಯದ ಹಾಗೆ ನೋಡಿಕೋ.

ಭಾನುವಾರ ಆಫೀಸಿನ ಗೆಳತಿಯ ಜೊತೆ ಕರುಯಿಜಾವಾಕ್ಕೆ ಹೋಗಿದ್ದೆ. ಬುಲೆಟ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಬೆಟ್ಟದ ಮೇಲಿನ ತಣ್ಣಗಿನ ಊರು. ಅಲ್ಲಿ ಹಿರೋಶಿ ಸೆಂಜು ಅನ್ನುವ ಚಿತ್ರಕಾರರ ಮ್ಯೂಸಿಯಂ ಇದೆ, 2011ರಲ್ಲಿ ತೆರೆದದ್ದು. ಕಟ್ಟಡದ ನಕ್ಷೆ ಮಾಡಿದ ರ್‍ಯೂಯೆ ನಿಶಿಜಾವಾ ನೆಲವನ್ನು ಮಟ್ಟ ಮಾಡಿಸಿಲ್ಲ. ಗುಡ್ಡ ಹೇಗೆ ಇಳಿದಿದೆಯೋ ಒಳಗಿನ ನೆಲವೂ ಹಾಗೇ ಇಳಿಯುತ್ತದೆ. ಚಿತ್ರ ನೋಡುತ್ತಾ ನಡೆದರೆ ನಮ್ಮ ತೋಟದ ಧರೆ ಇಳಿದ ಹಾಗೇ ಕಾಲು ಎಚ್ಚರವಾಗುತ್ತದೆ.

ಅವ್ವ, ಈ ಮನುಷ್ಯ ಜಾಸ್ತಿ ಮಾಡಿರುವುದು ಜಲಪಾತವನ್ನೇ. ಕುಂಚ ಹಿಡಿದು ನೀರಿನ ಎಳೆ ಬರೆಯುವುದಿಲ್ಲ. ಮರದ ನಾರಿನ ಕಾಗದದ ಮೇಲಂಚಿನಿಂದ ತೆಳು ಬಣ್ಣ ಸುರಿಯುತ್ತಾರೆ. ಬಣ್ಣ ತನಗೆ ಬೇಕಾದ ದಾರಿಯಲ್ಲಿ ಇಳಿಯುತ್ತದೆ. ಬುಡದಲ್ಲಿ ಏಳುವ ತುಂತುರಿಗೆ ಸ್ಪ್ರೇ ಗನ್, ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುತ್ತಾರಲ್ಲ, ಆ ಜಾತಿಯದ್ದು. ಎದುರು ನಿಂತಾಗ ಮಳೆಗಾಲದ ಜೋಗವೇ. ನೀರಿನ ಬದಲು ಬಣ್ಣ ಬಿದ್ದಿದೆ, ಅಷ್ಟೇ. ಸದ್ದು ಮಾತ್ರ ಇಲ್ಲ.

ಅವರು ಕಲಿತದ್ದು ನಿಹೊಂಗಾ ಅನ್ನುವ ಹಳೆಯ ಪದ್ಧತಿ. ಕಲ್ಲು ಅರೆದ ಪುಡಿ, ಚಿಪ್ಪಿನ ಪುಡಿ, ಅದಕ್ಕೆ ಚರ್ಮ ಕುದಿಸಿ ತೆಗೆದ ಅಂಟು. ನನಗೆ ನಿನ್ನ ಕೆಮ್ಮಣ್ಣು, ಅಕ್ಕಿ ಹಿಟ್ಟು, ಪುಂಡಿ ನಾರಿನ ಕುಂಚ ನೆನಪಾಯಿತು. ಗೆಳತಿಗೆ ಅಕ್ಕನ ಮದುವೆಯ ಹಸೆಗೋಡೆ ಚಿತ್ತಾರದ ಫೋಟೋ ತೋರಿಸಿದೆ. ಸ್ಕೇಲ್ ಇಲ್ಲದೆ ಇಷ್ಟು ನೇರ ಗೆರೆ ಹೇಗೆ ಎಳೆದರು ಅಂತ ಮೂರು ಸಲ ಕೇಳಿದಳು!

ವಾಪಸ್ ಬರುವಾಗ ರೈಲಿನಲ್ಲಿ ಅವಳು ಬಾಶೋ ಅನ್ನುವ ಕವಿಯ ಒಂದು ಹೈಕು ಹೇಳಿದಳು. ಮುನ್ನೂರು ವರ್ಷದ ಹಿಂದಿನದು, ಹದಿನೇಳೇ ಉಚ್ಚಾರ. ಹಳದಿ ಹೂವಿನ ಎಸಳು ಉದುರುತ್ತಿವೆ, ಜಲಪಾತದ ಸದ್ದಿಗೇ ಇರಬಹುದಾ? ಇಷ್ಟೇ ಪದ್ಯ. ಮಧ್ಯಾಹ್ನ ಚಿತ್ರದಲ್ಲಿ ಕೇಳದ ಸದ್ದು ಆಗ ಕೇಳಿದ ಹಾಗಾಯಿತು.

ಸೆಂಜು ಅವರದೇ ಇನ್ನೊಂದು ಸಾಲು ಚಿತ್ರಗಳನ್ನೂ ಫೋನಿನಲ್ಲಿ ತೋರಿಸಿದಳು. ಹೊಳೆಯುವ ರಾಸಾಯನಿಕ ಬಣ್ಣದವು. ಹಗಲಿನ ಬೆಳಕಲ್ಲಿ ಬಿಳಿ ಜಲಪಾತ, ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಾಕಿದರೆ ಕಡು ನೀಲಿ. ಮೊದಲು ನನಗೆ ಜಾತ್ರೆಯ ಲೈಟಿಂಗ್ ಅನ್ನಿಸಿತು. ಆದರೆ ಬೇಸಿಗೆಯಲ್ಲಿ ಜೋಗದ ನೀರನ್ನು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ತಡೆದು ಕರೆಂಟ್ ಮಾಡುವ ಊರಿನವಳು ನಾನು. ದೀಪ ಹಾಕಿದರೆ ಬರುವ ಜಲಪಾತಕ್ಕೆ ನಗುವ ಹಕ್ಕು ನನಗೆಲ್ಲಿದೆ, ಅಲ್ವಾ?

ಇಲ್ಲಿ ಬಣ್ಣದ ಅಂಗಡಿಯಲ್ಲಿ ಕಲ್ಲಿನ ನೀಲಿ ಪುಡಿ ಸಿಗುತ್ತದೆ. ಬರುವಾಗ ಒಂದು ಸಣ್ಣ ಬಾಟಲಿ ತರುತ್ತೇನೆ. ಚಿತ್ತಾರಕ್ಕೆ ನೀಲಿ ಎಲ್ಲಿಯದು ಅಂತ ಬೈಯಬೇಡ. ಅಡುಗೆಮನೆ ಹಿಂದಿನ ಗೋಡೆ ಖಾಲಿ ಇದೆಯಲ್ಲ, ಅಲ್ಲಿ ನಾನೇ ಸುರಿದು ನೋಡುತ್ತೇನೆ.

ನಿನ್ನ ಮಗಳು