ವಹಿ ಬರೆಯುವ ಕೆಲಸದ ಬಗ್ಗೆ ಮಗಳಿಗೆ

ಬೀದರ್

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕಳೆದ ವಾರ ಫೋನಿನಲ್ಲಿ ನೀನು ಆಡಿದ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ. ಹೈದರಾಬಾದಿನಲ್ಲಿ ಸಿನಿಮಾ, ಧಾರಾವಾಹಿಗಳಿಗೆ ಹಳೆಯ ಸಾಮಾನು ಬಾಡಿಗೆಗೆ ಕೊಡುವ ಕಂಪನಿ ಸೇರಿ ನಾಲ್ಕು ತಿಂಗಳಾದರೂ ಒಮ್ಮೆಯೂ ಸೆಟ್ಟಿಗೆ ಕಳಿಸದೆ, ಗೋದಾಮಿನಲ್ಲಿ ಕೂರಿಸಿ ಸಾಮಾನುಗಳಿಗೆ ನಂಬರು ಬರೆಸಿ ವಹಿ ತುಂಬಿಸುತ್ತಿದ್ದಾರೆ, ಇದಕ್ಕೆ ಇಷ್ಟು ಓದಬೇಕಿತ್ತೇ ಎಂದು ನೀನು ನೊಂದುಕೊಂಡೆ. ಇಲ್ಲಿನ ಚೌಬಾರಾ ಗೋಪುರದ ಹತ್ತಿರದ ಅಂಗಡಿಯಲ್ಲಿ ಮೂವತ್ತು ವರ್ಷ ಮದುವೆ ಮನೆಗಳಿಗೂ ನಾಟಕದವರಿಗೂ ಹಂಡೆ, ಗ್ಯಾಸ್‌ಲೈಟು, ಕುರ್ಚಿ, ಗಡಿಯಾರ ಬಾಡಿಗೆಗೆ ಕೊಟ್ಟವನು ನಾನು. ಆ ಅನುಭವದಿಂದ ಹೇಳುತ್ತೇನೆ, ನಿನ್ನ ಕಂಪನಿಯಲ್ಲಿ ಅದಕ್ಕಿಂತ ಜವಾಬ್ದಾರಿಯ ಕೆಲಸ ಇನ್ನೊಂದಿಲ್ಲ.

ಇದು ನನಗೆ ತಿಳಿದದ್ದು ನಷ್ಟ ಅನುಭವಿಸಿದ ಮೇಲೆ. ಅಂಗಡಿ ತೆರೆದ ಮೂರನೆಯ ವರ್ಷ ಒಂದು ನಾಟಕದ ತಂಡದವರು ದರ್ಬಾರಿನ ದೃಶ್ಯಕ್ಕೆ ಬಿದರಿ ಪಾನದಾನ, ಅಂದರೆ ಎಲೆಯಡಿಕೆಯ ಪೆಟ್ಟಿಗೆ, ಬೇಕೆಂದು ಕೇಳಿದರು. ನನ್ನಲ್ಲಿ ಇರಲಿಲ್ಲ. ನಮ್ಮ ಓಣಿಯ ಒಬ್ಬ ಮುದುಕಿಯ ಮನೆಯಲ್ಲಿ ಆಕೆಯ ಅತ್ತೆಯ ಕಾಲದ್ದೊಂದು ಇತ್ತು. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಕೊಟ್ಟಳು. ನಾನು ವಹಿಯಲ್ಲಿ ‘ಪಾನದಾನ, ಒಂದು’ ಎಂದಷ್ಟೇ ಬರೆದೆ. ನಾಲ್ಕು ದಿನಗಳ ನಂತರ ಅದು ಹಿಂದಿರುಗಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಕಪ್ಪಾಗಿದೆ, ಕೊಳೆಯಿರಬೇಕು ಎಂದು ತಿಳಿದು ಯಾರೋ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದರು. ಬಿದರಿಯಲ್ಲಿ ಆ ಕಪ್ಪೇ ಜೀವ ಎಂಬುದು ನಿನಗೆ ಗೊತ್ತು. ಹದಿನಾರು ಪಾಲಿನಷ್ಟು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ನಮ್ಮ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ, ಬೆಳ್ಳಿ ಬೆಳ್ಳಿಯಾಗಿಯೇ ಉಳಿದು ಮೈಯಷ್ಟೇ ಕಪ್ಪಾಗುತ್ತದೆ. ಹುಳಿ ತಗುಲಿದರೆ ಸತುವು ಕರಗಿ ಮೇಲಿನ ಕಪ್ಪು ಎದ್ದುಹೋಗುತ್ತದೆ. ಆ ಪಾನದಾನ ಬೂದಿ ಬಣ್ಣಕ್ಕೆ ತಿರುಗಿ, ಹೂಬಳ್ಳಿಯೆಲ್ಲ ಮಸುಕಾಗಿತ್ತು, ಮುಚ್ಚಳದ ಅಂಚಿನ ತಂತಿ ಎರಡು ಕಡೆ ಎದ್ದಿತ್ತು.

ತಂಡದ ಯಜಮಾನನನ್ನು ಕೇಳಿದರೆ ‘ನೀವು ಕೊಟ್ಟದ್ದೇ ಹೀಗಿತ್ತು’ ಎಂದರು. ನನ್ನ ವಹಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನುರಿತ ಕುಶಲಕರ್ಮಿಯೊಬ್ಬರಿಂದ ಮತ್ತೆ ಕಪ್ಪು ಹಾಕಿಸಿಕೊಟ್ಟೆ, ದುಡ್ಡೂ ಕೊಡಲು ಹೋದೆ. ಮುದುಕಿ ದುಡ್ಡು ಮುಟ್ಟಲಿಲ್ಲ, ನನ್ನೊಂದಿಗೆ ಮಾತನ್ನೂ ಆಡಲಿಲ್ಲ. ಆ ಮನೆಯ ಮುಂದೆ ಹಾದುಹೋಗುವಾಗ ಇಂದಿಗೂ ನನ್ನ ತಲೆ ತಗ್ಗುತ್ತದೆ.

ಆದುದರಿಂದ ಒಂದು ಸಾಮಾನು ಗೋದಾಮಿಗೆ ಬಂದ ದಿನವೇ ಅದು ಯಾವ ಊರಿನ ಯಾರ ಮನೆಯಿಂದ ಬಂತು, ಏನೆಂದು ಹೇಳಿ ಕೊಟ್ಟರು, ಎಲ್ಲಿ ಬಿರುಕು, ಎಲ್ಲಿ ಬೆಸುಗೆ, ಯಾವ ಕಾಲು ಹೊಸದು ಎಂಬುದನ್ನೆಲ್ಲ ಬರೆದುಕೊ. ಹೊರಗೆ ಹೋಗುವಾಗ ನಾಲ್ಕೂ ಮಗ್ಗುಲಿನ ಫೋಟೋ ತೆಗೆದು, ಒಯ್ಯುವವರ ಎದುರಿಗೇ ಚಲನ್ ಓದಿ ಸಹಿ ಹಾಕಿಸು; ಬಂದಾಗ ಅವರು ಹೊರಡುವ ಮುನ್ನವೇ ಬಿಚ್ಚಿ ನೋಡು. ಲಾರಿಯವನಿಗೆ ಅವಸರವಿರುತ್ತದೆ, ಇರಲಿ. ಆರ್ಟ್ ಡೈರೆಕ್ಟರರ ಹುಡುಗರು ‘ಅಕ್ಕಾ, ಆಮೇಲೆ ನೋಡೋಣ’ ಎಂದರೆ ಒಪ್ಪಬೇಡ. ತೊಳೆಯಬಾರದ ವಸ್ತುವಿದ್ದರೆ ‘ತೊಳೆಯಬಾರದು’ ಎಂಬ ಚೀಟಿಯನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬರೆದು ಅದಕ್ಕೇ ಕಟ್ಟಿಬಿಡು. ಗೋಡೆ ಗಡಿಯಾರವನ್ನು ಲೋಲಕ ಬಿಚ್ಚದೆ ಯಾವ ಕಾರಣಕ್ಕೂ ಸಾಗಿಸಬೇಡ, ಅದನ್ನು ತೂಗಿಹಾಕಿರುವ ತೆಳುವಾದ ಪಟ್ಟಿ ದಾರಿಯಲ್ಲಿ ಮುರಿಯುತ್ತದೆ. ಹಳೆಯ ಅರಗಿನ ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ ಇಡು. ನಮ್ಮ ಕಡೆಯ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ಅವು ಬಾಗಿಹೋಗುತ್ತವೆ.

ಹೊಸದಾಗಿ ಮಾಡಿಸಿದ್ದನ್ನು ಹೊಸದೆಂದೇ ಬರೆ. ಹೊಡೆದಾಟದ ದೃಶ್ಯಕ್ಕೆ ನಕಲು ಸಾಮಾನು ಕೊಡುವುದು ಬುದ್ಧಿವಂತಿಕೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ನಿನ್ನ ವಹಿಯಲ್ಲಿ ಒಮ್ಮೆ ‘ನಿಜಾಮರ ಕಾಲದ್ದು’ ಎಂದು ಸುಳ್ಳು ಬಿದ್ದರೆ, ನಿನ್ನ ನಂತರ ಬರುವವರು ಅದನ್ನೇ ನಂಬಿ ಇನ್ನೊಬ್ಬರಿಗೆ ಹೇಳುತ್ತಾರೆ.

ಕಾಲದ ವಿಷಯ ಬಂದಾಗ ನಮ್ಮ ಸೀಮೆಯವಳಾದ ನಿನಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಬೀದರ್, ಕಲಬುರಗಿಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1946ರ ಕಲಬುರಗಿಯ ಕಿರಾಣಿ ಅಂಗಡಿಯ ದೃಶ್ಯಕ್ಕೆ ಸಾಮಾನು ಕೇಳಿದರೆ, ಗಲ್ಲೆಪೆಟ್ಟಿಗೆಗೆ ಚಾರ್ಮಿನಾರಿನ ಚಿತ್ರವಿರುವ, ‘ಹಾಲಿ ಸಿಕ್ಕಾ’ ಎನ್ನುತ್ತಿದ್ದ ನಿಜಾಮರ ನಾಣ್ಯಗಳನ್ನು ಕೊಡಬೇಕು. ಬ್ರಿಟಿಷರ ಕಲ್ದಾರ್ ರೂಪಾಯಿ ಒಂದೆರಡು ಸೇರಿದ್ದರೆ ಸರಿ, ಅದೇ ತುಂಬಿದ್ದರೆ ತಪ್ಪು. ತಕ್ಕಡಿಯ ಪಕ್ಕದಲ್ಲಿ ಸೇರು, ಛಟಾಕಿನ ಕಲ್ಲುಗಳಿರಬೇಕು, ಕಿಲೋ ಬರೆದ ಕಲ್ಲು ಅಲ್ಲಿ ಕಾಣಬಾರದು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಕಿಲೋ ತೂಕ ಜಾರಿಗೆ ಬರತೊಡಗಿದ್ದು ಅದರ ಮರುವರ್ಷದಿಂದ. ಪೇಟೆಯ ಬೋರ್ಡುಗಳಲ್ಲಿ ಉರ್ದು ಇರಲಿ. ಇವನ್ನೆಲ್ಲ ಕೇಳುವವರಿಗೆ ಗೊತ್ತಿರುವುದಿಲ್ಲ. ಕಪಾಟಿನಿಂದ ತೆಗೆದುಕೊಡುವ ನಿನಗೆ ಗೊತ್ತಿದ್ದರೆ ಸೆಟ್ಟಿಗೆ ಹೋಗದೆಯೂ ದೃಶ್ಯವನ್ನು ಸರಿಯಾಗಿಸಬಲ್ಲೆ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಳ್ಳಿಗಳಿಂದ ಸಾಮಾನು ತರುವ ದಲ್ಲಾಳಿಗಳು ಒಮ್ಮೊಮ್ಮೆ ಗುಡಿಯ ಮೂರ್ತಿಯನ್ನೋ ವೀರಗಲ್ಲಿನ ತುಂಡನ್ನೋ ತಾಳೆಗರಿಯ ಕಟ್ಟನ್ನೋ ಗೋಣಿಚೀಲದಲ್ಲಿ ಸುತ್ತಿ ತರುತ್ತಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಲೋಹದ ವಸ್ತುಗಳೂ, ಮಹತ್ವದ ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ದಾಟಿದವೂ ಪುರಾತನ ವಸ್ತುಗಳೇ. ಪರವಾನಗಿಯಿಲ್ಲದೆ ಅವುಗಳ ಮಾರಾಟದ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಕಾಯ್ದೆಯ ಮಾತು ಹಾಗಿರಲಿ, ಒಂದು ಊರಿನವರು ಕೈಮುಗಿಯುವ ಕಲ್ಲು ಗೋದಾಮಿಗೆ ಬರಕೂಡದು. ಯಜಮಾನರು ಏನೇ ಹೇಳಿದರೂ ಅಂಥದ್ದಕ್ಕೆ ನಿನ್ನ ಕೈಯಿಂದ ನಂಬರು ಬರೆಯಬೇಡ. ಕೆಲಸ ಹೋದರೆ ಮನೆಯಿದೆ, ನಾನಿದ್ದೇನೆ.

ನೀನು ಕೇಳಿದ ತೊಟ್ಟಿಲಿನ ವಿಷಯ. ನಿನ್ನ ಅಜ್ಜಿಯ ಸಾಗವಾನಿ ತೊಟ್ಟಿಲನ್ನು ನಿನ್ನ ಕಂಪನಿಗೆ ಕೊಡಲು ಮೊದಲು ಮನಸ್ಸಾಗಲಿಲ್ಲ, ನಿನ್ನನ್ನೂ ಅದರಲ್ಲೇ ಹಾಕಿ ಹೆಸರಿಟ್ಟದ್ದು. ಈಗ ನಿನ್ನ ಕೈಗೆ ಕೊಡುತ್ತೇನೆಂದು ಒಪ್ಪಿದ್ದೇನೆ. ದೀಪಾವಳಿಗೆ ಬಂದಾಗ ಒಯ್ಯಿ, ಬರುವಾಗ ನಿನ್ನ ವಹಿಯನ್ನೂ ತಾ. ಬಲಗಡೆಯ ಹಿಂದಿನ ಕಾಲಿನಲ್ಲಿ ನಿನ್ನ ಅಪ್ಪ ಚಿಕ್ಕವನಿದ್ದಾಗ ಮಾಡಿದ ಬಿರುಕಿದೆ, ಅರಗು ತುಂಬಿದ್ದೇವೆ. ನಾಲ್ಕು ಗಿಳಿಗಳಲ್ಲಿ ಒಂದಕ್ಕೆ ಕೊಕ್ಕಿಲ್ಲ. ಅದನ್ನು ಇಲ್ಲಿಯೇ, ನನ್ನ ಎದುರಿಗೆ ಕುಳಿತು ಬರೆದುಕೊ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ